ಸಣ್ಣ ಬಿಯರಿನ ಹಾದಿ, ನಮ್ಮ ರಾಗಿಯ ಪಾಲು

ಬೆಂಗಳೂರಿನಿಂದ ಪುಣೆ, ಮುಂಬೈ ಕಡೆಗೆ ಹೋಗುವ ಹೆದ್ದಾರಿ ಹಿರಿಯೂರಿನ ಕಡೆಯಿಂದ ನಮ್ಮ ಜಿಲ್ಲೆಯನ್ನು ಹೊಕ್ಕು, ಚಿತ್ರದುರ್ಗದ ಬೆಟ್ಟಗಳ ಮಗ್ಗುಲಲ್ಲೇ ಹಾದು, ದಾವಣಗೆರೆಯತ್ತ ಸಾಗುತ್ತದೆ. ಸರ್ಕಾರ ಅದಕ್ಕೆ 48 ಎಂಬ ಹೊಸ ಸಂಖ್ಯೆ ಕೊಟ್ಟು ವರ್ಷಗಳೇ ಕಳೆದರೂ ನಮ್ಮ ಬಾಯಲ್ಲಿ ಅದಿನ್ನೂ ‘ಎನ್ನೆಚ್ ನಾಲ್ಕು’. ಈರುಳ್ಳಿ, ಶೇಂಗಾ, ಅಡಿಕೆ, ಕೊಬ್ಬರಿ ಎಲ್ಲವೂ ಈ ದಾರಿಯಲ್ಲೇ ಊರು ಬಿಡುತ್ತವೆ. ಕಳೆದ ಹದಿನೈದು ವರ್ಷಗಳಲ್ಲಿ ಇದೇ ದಿಕ್ಕು ಹಿಡಿದು ಹೋದ ಇನ್ನೊಂದು ಕಸುಬಿದೆ. ಅದು ಬಿಯರ್ ಕುದಿಸುವ ಕಸುಬು.

ಮೇಷ್ಟ್ರಿಗೇಕೆ ಬಿಯರಿನ ಉಸಾಬರಿ ಎಂದು ಹುಬ್ಬೇರಿಸಬೇಡಿ. ಹುದುಗುವಿಕೆಯ ಪಾಠ ಮಾಡುವಾಗ ದೋಸೆ ಹಿಟ್ಟಿನಿಂದ ಶುರು ಮಾಡಿದರೂ ವರ್ಷಕ್ಕೊಬ್ಬ ಹುಡುಗನಾದರೂ ಹಿಂದಿನ ಬೆಂಚಿನಿಂದ, ‘ಸಾರ್, ಬಿಯರೂ ಹಿಂಗೇ ಮಾಡ್ತಾರಾ?’ ಎಂದು ಕೇಳಿಯೇ ಕೇಳುತ್ತಾನೆ. ಹೌದು, ಹೆಚ್ಚುಕಮ್ಮಿ ಹೀಗೆಯೇ. ಕುಡಿತವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಅದು ಮಾಡಿದ ಹಾಳು ನಮ್ಮ ತಾಲ್ಲೂಕುಗಳಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೆ ಈ ವ್ಯವಹಾರದಲ್ಲಿ ನಮ್ಮ ರೈತನಿಗೆ ಸಂಬಂಧಪಟ್ಟ ಒಂದು ಲೆಕ್ಕವಿದೆ.

ಇಂದಿರಾನಗರದ ನೂರಡಿ ರಸ್ತೆಯಲ್ಲಿ 2010ರಲ್ಲಿ ‘ಟಾಯ್ಟ್’ ಎಂಬ ಪಬ್ ಬಾಗಿಲು ತೆರೆಯಿತು. ಮಾರನೆಯ ವರ್ಷ ಲ್ಯಾವೆಲ್ ರಸ್ತೆಯಲ್ಲಿ ‘ಬಿಯೆರ್ ಕ್ಲಬ್’, 2012ರಲ್ಲಿ ‘ಆರ್ಬರ್’, ‘ವಿಂಡ್‌ಮಿಲ್ಸ್’. ಇವು ಬಾಟಲಿ ತರಿಸಿ ಮಾರುವ ಅಂಗಡಿಗಳಲ್ಲ. ಗಾಜಿನ ಗೋಡೆಯ ಆಚೆಗೆ ತಾಮ್ರ, ಉಕ್ಕಿನ ಹಂಡೆಗಳನ್ನಿಟ್ಟು ಅಲ್ಲೇ ಕುದಿಸಿ, ಅಲ್ಲೇ ಹುಳಿಸಿ, ಅಲ್ಲೇ ಲೋಟಕ್ಕೆ ಬಿಡುವ ಜಾಗಗಳು. ಮೈಕ್ರೋಬ್ರೂವರಿ ಎಂಬ ಹೆಸರು ಆಗ ಪತ್ರಿಕೆಗಳಿಗೆ ಬಂತು. ಅಲ್ಲಿಯ ಬಿಯರಿಗೆ ‘ಕ್ರಾಫ್ಟ್’ ಎಂಬ ವಿಶೇಷಣ ಸೇರಿತು. ಮನೆಯಲ್ಲಿ ರುಬ್ಬಿದ ಹಿಟ್ಟಿಗೂ ಅಂಗಡಿಯ ಪ್ಯಾಕೆಟ್ ಹಿಟ್ಟಿಗೂ ಇರುವ ವ್ಯತ್ಯಾಸ ಅಂದುಕೊಳ್ಳಿ. ಇಂದು ಬೆಂಗಳೂರೊಂದರಲ್ಲೇ ಇಂಥವು ಅರವತ್ತಕ್ಕೂ ಹೆಚ್ಚಿವೆ.

ಇದು ಖಾಲಿ ಬಯಲಿನಲ್ಲಿ ಹುಟ್ಟಿದ ವ್ಯಾಪಾರವಲ್ಲ. ಥಾಮಸ್ ಲೀಶ್‌ಮನ್ ಎಂಬ ಸ್ಕಾಟ್ಲೆಂಡಿನವ ದಕ್ಷಿಣ ಭಾರತದ ಐದು ಬಿಯರ್ ಕಾರ್ಖಾನೆಗಳನ್ನು ಒಟ್ಟುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ್ದು 1915ರಲ್ಲಿ. ಬ್ರಿಟಿಷ್ ಸೈನಿಕರಿಗಾಗಿ ಎತ್ತಿನ ಗಾಡಿಗಳಲ್ಲಿ ಪೀಪಾಯಿ ಸಾಗಿಸುತ್ತಿದ್ದ ಆ ಕಂಪನಿ ಸ್ವಾತಂತ್ರ್ಯದ ಹೊತ್ತಿಗೆ ವಿಠಲ ಮಲ್ಯರ ಕೈಗೆ ಬಂತು. 2021ರಲ್ಲಿ ಹಾಲೆಂಡಿನ ಹೈನೆಕೆನ್‌ನ ಹಿಡಿತಕ್ಕೆ ಹೋಯಿತು. ಬೆಲ್ಜಿಯಂ ಮೂಲದ ಎಬಿ ಇನ್‌ಬೆವ್, ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಕೂಡ ಮೈಸೂರು ಸೀಮೆಯಲ್ಲಿ ಕಾರ್ಖಾನೆ ಇಟ್ಟುಕೊಂಡಿವೆ. ಇಷ್ಟು ದೈತ್ಯರ ಕಾಲ ಬುಡದಲ್ಲಿ ಸಣ್ಣವನು ಅಂಗಡಿ ತೆರೆಯಬಹುದು; ಅಂಗಡಿಯ ಹೊಸ್ತಿಲು ದಾಟಿ ಬೆಳೆಯುವುದು ಹೇಗೆ?

ಮೊದಲ ತೊಡಕು ವಿಜ್ಞಾನದ್ದು. ಜವೆಗೋಧಿಯನ್ನು ನೆನೆಸಿ ಮೊಳಕೆ ಬರಿಸಿ ಒಣಗಿಸಿದರೆ ಅದು ಮಾಲ್ಟ್. ಮೊಳೆಯುವಾಗ ಕಾಳಿನೊಳಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಮಾಲ್ಟನ್ನು ತರಿಮಾಡಿ ಸುಮಾರು 65 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಇಟ್ಟರೆ ಆ ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. ಸೋಸಿದ ಸಿಹಿನೀರಿಗೆ ಹಾಪ್ಸ್ ಎಂಬ ಕಹಿ ಹೂ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬಿಟ್ಟರೆ ಉಳಿದ ಕೆಲಸ ಅದರದು. 180 ಗ್ರಾಂ ಗ್ಲೂಕೋಸ್ ತಿಂದರೆ ಯೀಸ್ಟ್ ಲೆಕ್ಕಕ್ಕೆ 92 ಗ್ರಾಂ ಆಲ್ಕೋಹಾಲ್, 88 ಗ್ರಾಂ ಇಂಗಾಲದ ಡೈಆಕ್ಸೈಡ್ ಕೊಡುತ್ತದೆ. ನೊರೆ ಬರುವುದು ಈ ಅನಿಲದಿಂದ.

ಪಬ್ಬಿನ ಹಂಡೆಯಿಂದ ಬರುವ ಬಿಯರಿನಲ್ಲಿ ಸಾಮಾನ್ಯವಾಗಿ ಯೀಸ್ಟ್ ಇನ್ನೂ ಜೀವಂತ. ಅದನ್ನು ತಣ್ಣಗೇ ಇಡಬೇಕು, ಕೆಲವೇ ವಾರಗಳಲ್ಲಿ ಮುಗಿಸಬೇಕು. ದೊಡ್ಡ ಕಾರ್ಖಾನೆಯವರು ಬಾಟಲಿ ತುಂಬಿ ಬಿಸಿನೀರಿನ ಸಿಂಚನದಲ್ಲಿ ಹಾಯಿಸಿ ಯೀಸ್ಟನ್ನೂ ಬ್ಯಾಕ್ಟೀರಿಯಾವನ್ನೂ ಕೊಂದುಬಿಡುತ್ತಾರೆ. ಹಾಲಿಗೆ ಹೆಸರಾದ ಪಾಶ್ಚರೀಕರಣ ನಿಜಕ್ಕೂ ದ್ರಾಕ್ಷಾರಸ, ಬಿಯರುಗಳ ಕಾಯಿಲೆಗೆ ಹುಡುಕಿದ ಮದ್ದು. ಲೂಯಿ ಪಾಶ್ಚರ್ 1876ರಲ್ಲಿ ಬಿಯರ್ ಬಗ್ಗೆಯೇ ಒಂದು ಗ್ರಂಥ ಬರೆದ. ಹೀಗೆ ಸತ್ತ ಬಿಯರ್ ಏಪ್ರಿಲ್ ಬಿಸಿಲಿನಲ್ಲಿ ಲಾರಿಯ ತಾಡಪಾಲಿನಡಿ ಹಿರಿಯೂರು ದಾಟಬಲ್ಲದು. ಬದುಕಿರುವ ಬಿಯರ್ ದಾಟಲಾರದು.

ಎರಡನೆಯ ತೊಡಕು ಕಾನೂನಿನದು. ಮೈಕ್ರೋಬ್ರೂವರಿಯ ಪರವಾನಗಿ ತನ್ನ ಛಾವಣಿಯಡಿ ಮಾರುವುದಕ್ಕೆ ಕೊಟ್ಟದ್ದು. ಬಾಟಲಿ ತುಂಬಿ ಊರೂರಿಗೆ ಕಳಿಸಬೇಕೆಂದರೆ ಪೂರ್ಣ ಪ್ರಮಾಣದ ಕಾರ್ಖಾನೆಯ ಪರವಾನಗಿ, ಪ್ರತಿ ಚೀಟಿಗೆ ಅಬಕಾರಿ ಇಲಾಖೆಯ ಒಪ್ಪಿಗೆ, ಮುಂಗಡ ಸುಂಕ ಬೇಕು. 2003ರಿಂದ ರಾಜ್ಯದಲ್ಲಿ ಮದ್ಯದ ಸಗಟು ವ್ಯಾಪಾರವೆಲ್ಲ ಕರ್ನಾಟಕ ರಾಜ್ಯ ಪಾನೀಯ ನಿಗಮದ ಡಿಪೋಗಳ ಮೂಲಕವೇ ನಡೆಯಬೇಕು. ನಿಗಮದ ಗೋದಾಮಿನಲ್ಲಿ ದೊಡ್ಡ ಕಂಪನಿಯ ಲಕ್ಷ ಪೆಟ್ಟಿಗೆಯ ಪಕ್ಕದಲ್ಲಿ ಸಣ್ಣವನ ನೂರು ಪೆಟ್ಟಿಗೆಯೂ ಕೂರಬೇಕು. ಗಡುವು ಮುಗಿಯುವ ಚಿಂತೆ ಮಾತ್ರ ಸಣ್ಣವನದೇ.

ಹೀಗಾಗಿ ಬೆಳೆಯಹೊರಟವರು ಒಬ್ಬೊಬ್ಬರು ಒಂದೊಂದು ಸುತ್ತುದಾರಿ ಹಿಡಿದರು. ಟಾಯ್ಟ್ ಪುಣೆಗೂ ಮುಂಬೈಗೂ ಹೋಯಿತು. ಪುಣೆಗೆ ಲಾರಿಯಲ್ಲಿ ಬಿಯರ್ ಹೋಗಲಿಲ್ಲ. ಬಿಯರ್ ಮಾಡುವ ವಿದ್ಯೆ ಹೋಗಿ ಅಲ್ಲಿ ಹೊಸ ಹಂಡೆ ಹೂಡಿತು. ‘ಗೈಸ್ಟ್’ ಎಂಬ ಬೆಂಗಳೂರಿನ ಸಂಸ್ಥೆಯದು ಇನ್ನೂ ವಿಚಿತ್ರ. ಇಲ್ಲಿ ಕುದಿಸಲು ದಾರಿ ಕಾಣದೆ ಮೊದಲು ಬೆಲ್ಜಿಯಂನಲ್ಲಿ ಮಾಡಿಸಿ ಹಡಗಿನಲ್ಲಿ ತರಿಸಿತು. ವರ್ಷಗಳ ಮೇಲೆ ಹಳೆ ಮದ್ರಾಸು ರಸ್ತೆಯಲ್ಲಿ ಸ್ವಂತ ಕಾರ್ಖಾನೆ ಕಂಡು, ಉಕ್ಕಿನ ಪೀಪಾಯಿಗಳಲ್ಲಿ ಪಬ್ಬುಗಳಿಗೆ ಹಂಚತೊಡಗಿತು. ಅಮೆರಿಕದ ಮಿಷಿಗನ್ನಿನ ಆನ್ ಆರ್ಬರ್ ಊರಿನ ಹೆಸರು ಹೊತ್ತ ಆರ್ಬರ್, ಡಬ್ಬಿಯಲ್ಲಿ ಮಾರುವ ಬಿಯರಿಗಾಗಿ ಗೋವಾಕ್ಕೆ ಹೋಯಿತು.

ಸುತ್ತುದಾರಿ ಬೇಡವೆಂದು ನೇರ ನುಗ್ಗಿದ್ದು ದೆಹಲಿಯ ‘ಬೀರಾ 91’. 2015ರಲ್ಲಿ ಕ್ರಾಫ್ಟ್ ಎಂದು ಹೇಳಿಕೊಂಡೇ ಬಂದ ಇದು ಕೋತಿಯ ಚಿತ್ರ ಹೊತ್ತು ಕೆಲವೇ ವರ್ಷಗಳಲ್ಲಿ ದೇಶದುದ್ದಕ್ಕೂ ಹಬ್ಬಿತು. 2022ರ ಕೊನೆಗೆ ಷೇರುಪೇಟೆಗೆ ಹೋಗುವ ತಯಾರಿಯಲ್ಲಿ ಕಂಪನಿ ತನ್ನ ಹೆಸರಿನಿಂದ ‘ಪ್ರೈವೇಟ್’ ಎಂಬ ಒಂದೇ ಪದವನ್ನು ತೆಗೆಯಿತು. ಹೆಸರು ಬದಲಾದರೆ ಅಬಕಾರಿಯವರ ಕಣ್ಣಿಗೆ ಅದು ಹೊಸ ಕಂಪನಿ! ರಾಜ್ಯರಾಜ್ಯಗಳಲ್ಲಿ ಚೀಟಿಗಳನ್ನು ಮತ್ತೆ ನೋಂದಾಯಿಸಬೇಕಾಗಿ ತಿಂಗಳುಗಟ್ಟಲೆ ಮಾರಾಟ ನಿಂತಿತು. ಹಳೆ ಚೀಟಿಯ ಸುಮಾರು 80 ಕೋಟಿ ರೂಪಾಯಿಯ ಸರಕು ವ್ಯರ್ಥವಾಯಿತು. 2023–24ರಲ್ಲಿ ಕಂಪನಿಯ ನಷ್ಟ 748 ಕೋಟಿ, ಅಂದರೆ ಆ ವರ್ಷದ ವರಮಾನಕ್ಕಿಂತ ಹೆಚ್ಚು. ವರ್ಷಕ್ಕೆ 90 ಲಕ್ಷ ಪೆಟ್ಟಿಗೆಯಿದ್ದ ಮಾರಾಟ 60–70 ಲಕ್ಷಕ್ಕೆ ಇಳಿಯಿತು. ರುಚಿ ಕೆಟ್ಟಿತೆಂದು ಗಿರಾಕಿ ಬಿಟ್ಟುಹೋದದ್ದಲ್ಲ, ಬಾಟಲಿಯೇ ಅಂಗಡಿಗೆ ಬರಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ ಈ ದಟ್ಟಣೆಯಲ್ಲಿ ಸಣ್ಣವನು ದೊಡ್ಡವನ ಹಾಗೆ ಬೆಳೆಯಹೊರಟರೆ ಉಳಿಗಾಲವಿಲ್ಲ. ಗಾತ್ರದಲ್ಲಿ, ಜಾಹೀರಾತಿನಲ್ಲಿ, ಬೆಲೆಯಲ್ಲಿ ಅವನು ಸೋತೇ ಸೋಲುತ್ತಾನೆ. ಅದೂ ಅಲ್ಲದೆ ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಬಿಯರ್ ಕೇಳುವವನು ಮೊದಲು ಕೇಳುವುದು ‘ಸ್ಟ್ರಾಂಗ್ ಇದೆಯಾ?’ ಎಂದು. ದೇಶದಲ್ಲಿ ಮಾರಾಟವಾಗುವ ಬಿಯರಿನಲ್ಲಿ ಮುಕ್ಕಾಲಿಗಿಂತ ಹೆಚ್ಚು ಇದೇ ಜಾತಿಯದು. ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜದ ಪರಿಮಳ ಅಲ್ಲಿ ಯಾರಿಗೂ ಬೇಕಿಲ್ಲ. ಸಣ್ಣವನಿಗೆ ಇರುವ ಬಂಡವಾಳ ಒಂದೇ: ದೊಡ್ಡವರು ಮಾಡಲು ಮನಸ್ಸು ಮಾಡದ ಕೆಲಸ. ರಾಗಿಯ ಮಾತು ಬರುವುದು ಇಲ್ಲಿ.

ಹೊಸದುರ್ಗ, ಹೊಳಲ್ಕೆರೆಯ ಯಾವ ತಾಯಿಗೂ ಮಾಲ್ಟ್ ಮಾಡುವುದನ್ನು ಜರ್ಮನಿಯವರು ಕಲಿಸಬೇಕಿಲ್ಲ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸಿ ಕೂಸಿಗೆ ‘ಸರಿ’ ಮಾಡುವುದು ಅದೇ ವಿದ್ಯೆ. ಮೊಳಕೆಯ ಹಿಟ್ಟಿನ ಸರಿ ಗಟ್ಟಿಯಾಗದೆ ನೀರಾಗಿರುವುದು ಏಕೆ? ಅಮೈಲೇಸ್ ಪಿಷ್ಟವನ್ನು ಕತ್ತರಿಸಿರುತ್ತದೆ. ಶಾಲೆಯಲ್ಲಿ ಇದನ್ನು ಅಯೋಡಿನ್ ಹನಿಯಿಂದ ತೋರಿಸಬಹುದು. ಸಾದಾ ಹಿಟ್ಟಿನ ಗಂಜಿ ಕಡುನೀಲಿಯಾಗುತ್ತದೆ. ಅದಕ್ಕೆ ಹುರಿಯದ ಮೊಳಕೆ ಹಿಟ್ಟು ಬೆರೆಸಿ ಬೆಚ್ಚಗಿಟ್ಟರೆ ನೀಲಿ ಮಾಸುತ್ತ ಬರುತ್ತದೆ. ಹಿಮಾಲಯದ ತಪ್ಪಲಿನ ಸಿಕ್ಕಿಂ, ಡಾರ್ಜಿಲಿಂಗ್ ಜನ ಬಿದಿರಿನ ಕೊಳಗದಲ್ಲಿ ಬಿಸಿನೀರು ಹೊಯ್ದು ಹೀರುವ ‘ತೋಂಗ್ಬಾ’ ಕೂಡ ರಾಗಿಯದೇ.

ಹಾಗೆಂದು ಕಷ್ಟವಿಲ್ಲವೆಂದಲ್ಲ. ಜವೆಗೋಧಿಯ ಹೊಟ್ಟು ಹಂಡೆಯ ತಳದಲ್ಲಿ ಜರಡಿಯಂತೆ ಕೂತು ಸಿಹಿನೀರನ್ನು ಸೋಸಿಕೊಡುತ್ತದೆ. ರಾಗಿಗೆ ಅಂಥ ಹೊಟ್ಟಿಲ್ಲ. ಹಂಡೆಯಲ್ಲಿ ಅಂಬಲಿಯಂತೆ ಕಟ್ಟಿಕೊಳ್ಳುತ್ತದೆ. ರಾಗಿಯ ಪಿಷ್ಟ ಬಿರಿಯಲು ಬೇಕಾದ ಶಾಖವೂ ಹೆಚ್ಚು, ಅಷ್ಟು ಶಾಖಕ್ಕೆ ಕಿಣ್ವ ಸೊರಗುತ್ತದೆ. ಬೇರೆಯಾಗಿ ಬೇಯಿಸಿ, ಜವೆ ಮಾಲ್ಟಿನೊಂದಿಗೆ ಬೆರೆಸುವ ಶ್ರಮ ಪಡಬೇಕು. ಈ ಶ್ರಮವೇ ಸಣ್ಣವನಿಗೆ ಬೇಲಿ.

ಬೆಲೆ? 2025–26ಕ್ಕೆ ಕೇಂದ್ರ ಸರ್ಕಾರ ರಾಗಿಗೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಅದೇ ಸಾಲಿಗೆ ಜವೆಗೋಧಿಗೆ 1,980. ರಾಗಿ ಎರಡೂವರೆ ಪಟ್ಟು ತುಟ್ಟಿ ಎಂದು ದೊಡ್ಡ ಕಾರ್ಖಾನೆಯವನು ಅಲ್ಲಿಗೇ ಕೈಮುಗಿಯುತ್ತಾನೆ. ಆದರೆ ಒಂದು ಲೀಟರ್ ಬಿಯರಿಗೆ ಸುಮಾರು 200 ಗ್ರಾಂ ಕಾಳು ಸಾಕು. 650 ಮಿಲಿಲೀಟರಿನ ಬಾಟಲಿಗೆ 130 ಗ್ರಾಂ. ಆರು ರೂಪಾಯಿ ಚಿಲ್ಲರೆಯ ರಾಗಿ, ಇಲ್ಲವೇ ಎರಡೂವರೆ ರೂಪಾಯಿಯ ಜವೆ. ಅಂತರ ನಾಲ್ಕು ರೂಪಾಯಿಯೂ ಇಲ್ಲ. ಕ್ರಾಫ್ಟ್ ಬಿಯರಿನವರಲ್ಲಿ ಅನೇಕರು ಯುರೋಪಿನ ಮಾಲ್ಟನ್ನು ಹಡಗಿನಲ್ಲಿ ತರಿಸುವವರು. ಅವರಿಗೆ ಇದು ಹೊರೆಯಾಗಲಾರದು. ಗಿರಾಕಿ ಕೊಡುವ ಹಣದ ದೊಡ್ಡ ಪಾಲು ಸುಂಕದ್ದು. 2023ರ ಜುಲೈ ಬಜೆಟ್ಟಿನಲ್ಲಿ ಬಿಯರಿನ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ ಶೇಕಡಾ 175ರಿಂದ 185ಕ್ಕೆ ಏರಿತು. 2025ರ ಜನವರಿಯಲ್ಲಿ ಬೆಲೆ ಮತ್ತೆ ಮೇಲೇರಿತು. ಈ ಸುಂಕ ಬಾಟಲಿಯ ಬೆಲೆ ನೋಡುತ್ತದೆಯೇ ಹೊರತು ಕಾಳು ಯಾವ ಹೊಲದ್ದೆಂದು ಕೇಳುವುದಿಲ್ಲ.

ಕೇಳುವಂತೆ ಮಾಡಿದ ದೇಶಗಳಿವೆ. ನೈಜೀರಿಯಾ 1988ರಲ್ಲಿ ಜವೆಗೋಧಿಯ ಆಮದನ್ನೇ ನಿಲ್ಲಿಸಿತು. ಅಲ್ಲಿಯ ಬಿಯರ್ ಕಂಪನಿಗಳು ಅನಿವಾರ್ಯವಾಗಿ ಜೋಳ, ಮೆಕ್ಕೆಜೋಳಗಳಲ್ಲಿ ಬಿಯರ್ ಕುದಿಸುವುದನ್ನು ಕಲಿತವು. ಉಗಾಂಡದ್ದು ಇನ್ನೂ ಜಾಣ ದಾರಿ. ಸ್ಥಳೀಯ ಜೋಳದಿಂದ ಮಾಡಿದ ಬಿಯರಿಗೆ ಸುಂಕ ಇಳಿಸಿತು. 2002ರಲ್ಲಿ ಬಂದ ‘ಈಗಲ್’ ಎಂಬ ಜೋಳದ ಬಿಯರಿನಿಂದ ಅಲ್ಲಿಯ ಸಾವಿರಾರು ಸಣ್ಣ ರೈತರಿಗೆ ಕೊಳ್ಳುವವರು ಸಿಕ್ಕರು.

ಮದ್ಯದ ಜೊತೆ ನಮ್ಮ ಜಿಲ್ಲೆಯ ಸಂಬಂಧ ಹಳೆಯದು, ಸರಳವೂ ಅಲ್ಲ. 1939ರಲ್ಲಿ ನಿಜಲಿಂಗಪ್ಪನವರ ಮುಂದಾಳತ್ವದಲ್ಲಿ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಕೊಡಲಿ ಹಿಡಿದು ಕಡಿದದ್ದು ಹೆಂಡದ ಈಚಲು ಮರಗಳನ್ನು. 2007ರ ಜುಲೈ ಒಂದರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಅದಕ್ಕೂ ಮೊದಲೇ, ಕರಾವಳಿಯನ್ನು ಬಿಟ್ಟರೆ, ಹೆಂಡವೂ ನಿಂತಿತ್ತು. ನಮ್ಮ ಹಳ್ಳದ ದಂಡೆಯ ಈಚಲು ಸುರಿಸಿದ್ದು ಅಪರಾಧವಾಯಿತು, ಡೆನ್ಮಾರ್ಕಿನ ಹೆಸರಿನ ಬಾಟಲಿ ಡಿಪೋದಿಂದ ಲಾರಿಯಲ್ಲಿ ಬಂತು. ಕುಡಿತ ಇದರಿಂದ ಕಡಿಮೆಯಾಯಿತೇ ಎಂಬುದನ್ನು ನಿಮ್ಮ ಊರಿನ ಬಸ್‌ಸ್ಟ್ಯಾಂಡಿನ ಹಿಂಬದಿಗೆ ಹೋಗಿ ನೋಡಿಕೊಳ್ಳಬಹುದು.

ಹಾಗಾದರೆ ಹೊಸದುರ್ಗದಲ್ಲೇ ಒಂದು ಬಿಯರ್ ಕಾರ್ಖಾನೆ ಬರಲಿ ಎನ್ನೋಣವೇ? ನಾನು ಬೇಡ ಎನ್ನುತ್ತೇನೆ, ಕಾರಣ ನೀರು. ಚೆನ್ನಾಗಿ ನಡೆಯುವ ದೊಡ್ಡ ಕಾರ್ಖಾನೆಯಲ್ಲೂ ಒಂದು ಲೀಟರ್ ಬಿಯರಿಗೆ ಮೂರು ನಾಲ್ಕು ಲೀಟರ್ ನೀರು ಖರ್ಚಾಗುತ್ತದೆ; ಚಿಕ್ಕವುಗಳಲ್ಲಿ ಇನ್ನೂ ಹೆಚ್ಚು. 1907ರಲ್ಲಿ ಕಟ್ಟಿ ಮುಗಿಸಿದ ನಮ್ಮ ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬೀಳಲು 2022 ಬರಬೇಕಾಯಿತು. ಬೋರ್‌ವೆಲ್ ನೀರಿನಲ್ಲಿ ಹಲವು ಕಡೆ ಫ್ಲೋರೈಡ್. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ.

ಹಂಡೆ ಬೆಂಗಳೂರಿನಲ್ಲೇ ಇರಲಿ, ಮೊಳಕೆ ಇಲ್ಲಾಗಲಿ. ಮೊಳಕೆ ಕಟ್ಟುವುದಕ್ಕೂ ನೀರು ಬೇಕು ನಿಜ, ಆದರೆ ಕುದಿಸಿ, ತೊಳೆದು, ತಣಿಸಿ ಚೆಲ್ಲುವ ಲೆಕ್ಕದ ಮುಂದೆ ಅದು ಚಿಕ್ಕದು. ಒಣಗಿಸಲು ನಮ್ಮಲ್ಲಿ ಬಿಸಿಲಿಗೆ ಬರವಿಲ್ಲ. ಕಾಳಿನ ರೂಪದಲ್ಲಿ ಮಾರಿದರೆ ಖರೀದಿ ಕೇಂದ್ರದ ಮುಂದೆ ಟ್ರ್ಯಾಕ್ಟರಿನ ಸಾಲಿನಲ್ಲಿ ರಾತ್ರಿ ಕಳೆಯುವ ರಾಗಿ, ಮಾಲ್ಟಿನ ರೂಪದಲ್ಲಿ ಹೋದರೆ ಮಗುವಿನ ಸರಿಗೂ ಆದೀತು, ಮಾಲ್ಟ್ ಪಾನೀಯಕ್ಕೂ ಆದೀತು, ಬೆಂಗಳೂರಿನ ಹಂಡೆಗೂ ಆದೀತು. ಬಿಯರಿನವನು ನಾಳೆ ಮುಳುಗಿದರೂ ಉಳಿದ ಎರಡು ಗಿರಾಕಿಗಳು ಇದ್ದೇ ಇರುತ್ತಾರೆ. ರೈತ ಉತ್ಪಾದಕ ಕಂಪನಿಗಳು ನಮ್ಮ ತಾಲ್ಲೂಕುಗಳಲ್ಲಿ ಈಗಾಗಲೇ ಇವೆ. ಒಂದು ಒಣಗಿಸುವ ಮನೆ, ನೆನೆಹಾಕುವ ತೊಟ್ಟಿ, ಪ್ರತಿ ಚೀಲಕ್ಕೂ ಮೊಳಕೆಯ ಪ್ರಮಾಣ ಬರೆದಿಡುವ ಒಬ್ಬ ಬಿ.ಎಸ್ಸಿ. ಹುಡುಗ ಅಥವಾ ಹುಡುಗಿ ಇದ್ದರೆ ಮುಂದಿನ ಸುಗ್ಗಿಗೇ ಶುರು ಮಾಡಬಹುದು.