ಎರಡು ಪೆಟ್ಟಿನ ನಡುವಿನ ಹೊತ್ತು

ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು ಎನ್ನುವುದು ನಮ್ಮ ಭಾಗದ ಮಾತು. ಕನಕಾಚಲಪತಿ ದೇವಸ್ಥಾನದ ಕಂಬಗಳ ಮುಂದೆ ನಿಂತವರಿಗೆ ಅದರ ಅರ್ಥ ತಾನಾಗಿ ತಿಳಿಯುತ್ತದೆ. ಆದರೆ ಎಂಥ ಕಣ್ಣಿದ್ದರೂ ಕಾಣದ ಕೆತ್ತನೆಯೊಂದು ಇದೇ ಸೀಮೆಯಲ್ಲಿ ನಡೆಯುತ್ತಿರುತ್ತದೆ. ಕೊಪ್ಪಳ ತಾಲ್ಲೂಕಿನ ಗಿಣಿಗೇರಾದ ಹೊಸಪೇಟೆ ಸ್ಟೀಲ್ಸ್ ಕಾರ್ಖಾನೆಯಲ್ಲಿ ವಾಹನಗಳ ಬಿಡಿಭಾಗಗಳಿಗೆ ಬೇಕಾದ ಮಿಶ್ರಲೋಹದ ಉಕ್ಕು ತಯಾರಾಗುತ್ತದೆ. ನಿಗಿನಿಗಿ ಕಾದ ಉಕ್ಕಿನ ದಿಂಡು ಉರುಳೆಗಳ ನಡುವೆ ಸಿಕ್ಕಿ ಸರಳಾಗುವಾಗ ಅದರೊಳಗಿನ ಹರಳುಗಳು ಜಜ್ಜಿಹೋಗುತ್ತವೆ. ಜಜ್ಜಿದ ಜಾಗದಲ್ಲೇ ಹೊಸ ಹರಳುಗಳು ಹುಟ್ಟುತ್ತವೆ. ಇದೇ ಪುನರ್‌ಸ್ಫಟಿಕೀಕರಣ. ಹುಟ್ಟಿದ ಹರಳು ಸಣ್ಣದಾದಷ್ಟೂ ಉಕ್ಕು ಗಟ್ಟಿ.

ಇದರ ರುಚಿ ಮನೆಯಲ್ಲೇ ನೋಡಬಹುದು. ಮನೆ ಕಟ್ಟುವವರು ಸರಳು ಬಿಗಿಯಲು ಬಳಸುವ ಬೈಂಡಿಂಗ್ ವೈರ್ ತೆಗೆದುಕೊಳ್ಳಿ. ಒಂದೇ ಕಡೆ ನಾಲ್ಕಾರು ಸಲ ಮಣಿಸಿದರೆ ಅದು ಬಿರುಸಾಗುತ್ತದೆ. ಮತ್ತೂ ಮಣಿಸಿದರೆ ತುಂಡಾಗುತ್ತದೆ. ಬಿರುಸಾದ ತಂತಿಯನ್ನು ಕೆಂಪಗೆ ಕಾಯಿಸಿ ಮೆಲ್ಲಗೆ ಆರಲು ಬಿಡಿ, ಮತ್ತೆ ಮೆತ್ತಗಾಗಿರುತ್ತದೆ. ಮಣಿಸಿದಾಗ ಪರಮಾಣುಗಳ ಸಾಲುಗಳಲ್ಲಿ ಗೋಜಲು ಬೆಳೆದಿತ್ತು. ಕಾವಿಗೆ ಹುಟ್ಟಿದ ಹೊಸ ಹರಳುಗಳಲ್ಲಿ ಆ ಗೋಜಲು ಇಲ್ಲ.

ನಮ್ಮ ಕಮ್ಮಾರರಿಗೆ ಇದು ಕೈಗೆ ಗೊತ್ತಿದ್ದ ವಿದ್ಯೆ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡದ ಮೇಲೆ ಕಬ್ಬಿಣಯುಗದ ಜನ ಎಬ್ಬಿಸಿದ ಕಲ್ಲಿನ ಸಮಾಧಿಗಳು ಇಂದಿಗೂ ನಿಂತಿವೆ. ಅಂದಿನಿಂದ ಇಂದಿನವರೆಗೆ ಕುಲುಮೆಯ ಮುಂದೆ ಕೂತವರು ಬಣ್ಣ ನೋಡಿ ಕಾವು ಹೇಳಿದರು, ಸುತ್ತಿಗೆ ಪುಟಿಯುವ ಬಗೆಯಿಂದ ಕಬ್ಬಿಣ ಯಾವಾಗ ಬಿರುಸಾಯಿತು, ಯಾವಾಗ ಮತ್ತೆ ಒಲೆಗೆ ಹಾಕಬೇಕು ಎಂದು ಅರಿತರು. ಅಂಕಿ ಇರಲಿಲ್ಲ, ಅಳತೆ ಇತ್ತು.

ಅಂಕಿ ಬಂದದ್ದು ನಿಧಾನಕ್ಕೆ. 1860ರ ದಶಕದಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹೆನ್ರಿ ಸಾರ್ಬಿ ಉಕ್ಕನ್ನು ಕನ್ನಡಿಯಂತೆ ಉಜ್ಜಿ, ಆಮ್ಲ ಸವರಿ, ಸೂಕ್ಷ್ಮದರ್ಶಕದಡಿ ಇಟ್ಟರು. ಲೋಹದ ಒಳಗಿನ ಚಿತ್ರ ಕಣ್ಣಿಗೆ ಬಿತ್ತು. 1930ರ ದಶಕದ ಕೊನೆಯಲ್ಲಿ ಕೊಲ್ಮೊಗೊರೊವ್, ಜಾನ್ಸನ್ ಮತ್ತು ಮೆಹ್ಲ್, ಅವ್ರಾಮಿ ಎಂಬ ವಿಜ್ಞಾನಿಗಳು ಹೊಸ ಹರಳುಗಳು ಹುಟ್ಟಿ ಬೆಳೆದು ಇಡೀ ಜಾಗ ತುಂಬುವ ವೇಗಕ್ಕೆ ಗಣಿತ ಕೊಟ್ಟರು. 1944ರಲ್ಲಿ ಝೀನರ್ ಮತ್ತು ಹಾಲೊಮನ್ ಕಾವನ್ನೂ ವಿರೂಪದ ವೇಗವನ್ನೂ ಒಂದೇ ಸೂತ್ರದಲ್ಲಿ ಕಟ್ಟಿದರು.

ಇನ್ನುಳಿದದ್ದು ಕಮ್ಮಾರನ ಕೈಯ ಅರಿವನ್ನು ಯಂತ್ರಕ್ಕೆ ಕಲಿಸುವುದು. ಅದೇ ಎರಡು ಪೆಟ್ಟಿನ ಪರೀಕ್ಷೆ. ಬೆರಳಿನ ತುದಿಯಷ್ಟು ದಪ್ಪದ ಉಕ್ಕಿನ ತುಂಡನ್ನು 1000 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹಿಡಿದು ಒಂದು ಸಲ ಅದುಮುತ್ತಾರೆ. ಬಿಟ್ಟು, ಒಂದೋ ಐದೋ ಹತ್ತೋ ಸೆಕೆಂಡು ಕಾದು, ಮತ್ತೆ ಅದುಮುತ್ತಾರೆ. ಉದಾಹರಣೆಗೆ, ಮೊದಲ ಪೆಟ್ಟಿಗೆ ಉಕ್ಕು 60 ಮೆಗಾಪಾಸ್ಕಲ್ ಒತ್ತಡದಲ್ಲಿ ಮಣಿಯಲು ತೊಡಗಿ, ಬಿರುಸಾಗುತ್ತ 120ಕ್ಕೆ ಮುಟ್ಟಿತು ಎನ್ನಿ. ಎರಡನೇ ಪೆಟ್ಟಿಗೆ 120ರಲ್ಲೇ ಮಣಿದರೆ ಒಳಗೆ ಏನೂ ಆಗಿಲ್ಲ. 60ಕ್ಕೇ ಮಣಿದರೆ ಪೂರ್ತಿ ಹೊಸದಾಗಿದೆ. 90ಕ್ಕೆ ಮಣಿದರೆ ಅರ್ಧ ಮೆತ್ತಗಾಗಿದೆ. ಈ ಮೆತ್ತಗಾಗುವಿಕೆಯೆಲ್ಲ ಹೊಸ ಹರಳಿನದಲ್ಲ. ಹಳೆಯ ಹರಳಿನೊಳಗೆ ಗೋಜಲು ತಾನೇ ಒಂದಿಷ್ಟು ಸಡಿಲುವುದೂ ಉಂಟು. ಅದಕ್ಕೇ ಇನ್ನೊಂದು ತುಂಡನ್ನು ನಡುವೆಯೇ ನೀರಿಗೆ ಅದ್ದಿ, ಪಿಕ್ರಿಕ್ ಆಮ್ಲದಿಂದ ಹರಳುಗಳ ಅಂಚು ಮೂಡಿಸಿ, ಸೂಕ್ಷ್ಮದರ್ಶಕದಲ್ಲಿ ಸಾಕ್ಷಿ ಕೇಳುತ್ತಾರೆ.

ಈ ವಿದ್ಯೆಗೆ ಬೆಂಗಳೂರೂ ದೊಡ್ಡ ಕೊಡುಗೆ ಕೊಟ್ಟಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ವೈ.ವಿ.ಆರ್.ಕೆ. ಪ್ರಸಾದ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಕ್ರಮದಿಂದ, ಯಾವ ಕಾವಿನಲ್ಲಿ, ಯಾವ ವೇಗದಲ್ಲಿ ಬಡಿದರೆ ಲೋಹ ಹಸನಾಗುತ್ತದೆ, ಎಲ್ಲಿ ಬಿರಿಯುತ್ತದೆ ಎಂದು ತೋರಿಸುವ ನಕ್ಷೆಗಳು ಹುಟ್ಟಿದವು. ಅವರೂ ಎಸ್. ಶಶಿಧರ ಅವರೂ ಸೇರಿ ಇಂಥ ನಕ್ಷೆಗಳ ಸಂಕಲನವನ್ನು 1997ರಲ್ಲಿ ಹೊರತಂದರು.

ಇಷ್ಟೆಲ್ಲ ಏಕೆ ಬೇಕು? ಉಕ್ಕಿಗೆ ಶೇಕಡಾ ಒಂದರ ಕೆಲವೇ ನೂರನೇ ಭಾಗದಷ್ಟು ನಿಯೋಬಿಯಂ ಎಂಬ ಲೋಹ ಬೆರೆಸಿದರೆ ಸಾಕು, ಹೊಸ ಹರಳು ಹುಟ್ಟುವುದು ತಡವಾಗುತ್ತದೆ. ಒಂದು ಉರುಳೆಯಿಂದ ಇನ್ನೊಂದಕ್ಕೆ ಹೋಗುವ ಆ ಕೆಲವು ಕ್ಷಣಗಳಲ್ಲಿ ಒಳಗೆ ಏನಾಯಿತು ಎಂಬುದು ಗೊತ್ತಿಲ್ಲದಿದ್ದರೆ ಉರುಳೆಗೆ ಬೀಳುವ ಹೊರೆಯ ಲೆಕ್ಕವೂ ತಪ್ಪುತ್ತದೆ, ಸರಳಿನ ಗುಣವೂ ಕೆಡುತ್ತದೆ. ಅಂಥ ಸರಳಿನಿಂದಾದ ಭಾಗವನ್ನು ನಂಬಿ ಬಸ್ಸು, ಲಾರಿಗಳಲ್ಲಿ ಜನ ಕೂರುತ್ತಾರೆ.

ಉಕ್ಕು ನಮ್ಮದೇ ಮಾತು. ಇಂಗ್ಲಿಷಿನ ‘ವೂಟ್ಜ್’ ಎಂಬ ಉಕ್ಕಿನ ಹೆಸರು ಈ ಪದದಿಂದಲೇ ಹೋಯಿತೆಂದು ವಿದ್ವಾಂಸರು ಹೇಳುತ್ತಾರೆ. ಇಂದು ಅದೇ ಉಕ್ಕಿನ ಕಾರ್ಖಾನೆಗಳ ದೂಳಿನ ವಿರುದ್ಧ ಕೊಪ್ಪಳದ ಜನ ದನಿ ಎತ್ತುತ್ತಲೇ ಬಂದಿದ್ದಾರೆ. ಆ ದನಿ ನ್ಯಾಯವಾದದ್ದು. ಅದರ ಜೊತೆಗೇ ಇನ್ನೊಂದನ್ನೂ ಕೇಳೋಣ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಮಕ್ಕಳು ಕಲಿಯುವ ಕಾಲೇಜುಗಳಲ್ಲಿ ಒಂದು ಕುಲುಮೆ, ಒಂದು ಒತ್ತುಯಂತ್ರ, ಒಂದು ಒಳ್ಳೆಯ ಸೂಕ್ಷ್ಮದರ್ಶಕ ಇರಲಿ. ದೂಳು ನಮ್ಮ ಪಾಲಿಗೆ, ವಿದ್ಯೆ ಬೇರೆಯವರ ಪಾಲಿಗೆ ಎಂದಾಗಬಾರದು.