ಹಲ್ಲುಚಕ್ರಗಳ ಓಲಾಟವೂ ಹೊಂದಾಣಿಕೆಯೂ

ಕಿವಿಗೊಟ್ಟು ಕೇಳಬಲ್ಲವರಿಗೆ ಯಂತ್ರವು ತನ್ನ ಆರೋಗ್ಯವನ್ನೂ ಅನಾರೋಗ್ಯವನ್ನೂ ಸದ್ದಿನಿಂದಲೇ ತಿಳಿಸುತ್ತದೆ. ರೇಡಿಯೋ ಅಲೆಗಳಿಂದ ದೂರದಲ್ಲಿಯೇ ನಡೆಸಬಹುದಾದ ಆಟದ ಟ್ರಕ್ಕೊಂದು ಮೈದಾನದಲ್ಲಿ ಓಡುತ್ತಿರುವಾಗ ಕೀರಲು ದನಿ ತೆಗೆದರೆ ಅದರ ಹಲ್ಲುಗಳು ಬಿಗಿಯಾಗಿವೆಯೆಂದೂ, ಕಟಕಟನೆ ಸದ್ದುಮಾಡಿದರೆ ಸಡಿಲವಾಗಿವೆಯೆಂದೂ, ಒಂದೇ ಲಯದಲ್ಲಿ ಏರಿಳಿಯುವ ಗುಂಯಿಗುಟ್ಟುವಿಕೆ ಕೇಳಿಸಿದರೆ ಚಕ್ರವು ಓಲಾಡುತ್ತಿದೆಯೆಂದೂ ತಿಳಿಯಬೇಕು. ಈ ಭಾಷೆಯನ್ನರಿಯದ ಹುಡುಗನು ಟ್ರಕ್ಕನ್ನು ಇನ್ನೂ ವೇಗವಾಗಿ ಓಡಿಸುತ್ತಾನೆ. ಅರೆಗಳಿಗೆಯಲ್ಲಿ ಹಲ್ಲುಗಳು ಸವೆದು ನುಣ್ಣಗಾಗುತ್ತವೆ, ಇಲ್ಲವೆ ಮೋಟರು ಕಾದು ಕೆಡುತ್ತದೆ. ತಂದೆತಾಯಿಗಳು ಹಣ ಕೊಟ್ಟು ತಂದ ವಸ್ತುವು ಅಟ್ಟವನ್ನು ಸೇರುತ್ತದೆ. ಒಂದು ಚೂರು ಕಾಗದದಿಂದಲೂ ಕೊಂಚ ತಾಳ್ಮೆಯಿಂದಲೂ ತಪ್ಪಿಸಬಹುದಾಗಿದ್ದ ನಷ್ಟವದು.

ಜಪಾನಿನ ಶಿಜುವೋಕಾ ನಗರದ ತಮಿಯಾ ಸಂಸ್ಥೆಯು ತನ್ನ ಮೊದಲ ರೇಡಿಯೋ ನಿಯಂತ್ರಿತ ಕಾರನ್ನು ಹೊರತಂದದ್ದು 1976ರಲ್ಲಿ. ದೊಡ್ಡ ಗಾಲಿಗಳ ‘ಕ್ಲಾಡ್ ಬಸ್ಟರ್’ ಎಂಬ ಅದರ ಟ್ರಕ್ಕು 1987ರಲ್ಲಿ ಬಂದಿತು. ಅಮೆರಿಕದ ಟೆಕ್ಸಾಸಿನ ಟ್ರ್ಯಾಕ್ಸಸ್ ಸಂಸ್ಥೆಯೂ ಇಂತಹ ವಾಹನಗಳಿಗೆ ಹೆಸರಾಗಿದೆ. ಇವು ಆಟಿಕೆಗಳೆಂಬ ಹೆಸರು ಹೊತ್ತಿದ್ದರೂ ಇವುಗಳೊಳಗೆ ನಡೆಯುವುದು ದೊಡ್ಡ ಯಂತ್ರಗಳ ಶಾಸ್ತ್ರವೇ.

ಎರಡು ಚಕ್ರಗಳ ಸಂಬಂಧ

ಮೋಟರಿನ ಶಾಫ್ಟಿಗೆ ‘ಪಿನಿಯನ್’ ಎಂಬ ಲೋಹದ ಕಿರುಚಕ್ರವನ್ನು ಕೂರಿಸಿರುತ್ತಾರೆ. ಅದು ‘ಸ್ಪರ್’ ಎಂಬ ಹಿರಿಚಕ್ರವನ್ನು ತಿರುಗಿಸುತ್ತದೆ. ಹಿರಿಚಕ್ರವು ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನದು. ಹಲ್ಲಿನ ಗಾತ್ರವನ್ನು ಅಳೆಯುವ ಮಾನಕ್ಕೆ ‘ಮಾಡ್ಯೂಲ್’ ಎಂದು ಹೆಸರು. ಹಲ್ಲುಗಳ ಸಂಖ್ಯೆಯನ್ನು ಮಾಡ್ಯೂಲಿನಿಂದ ಗುಣಿಸಿದರೆ ಚಕ್ರದ ಗಣನೆಯ ವ್ಯಾಸವು ಮಿಲಿಮೀಟರುಗಳಲ್ಲಿ ದೊರೆಯುತ್ತದೆ. ಮಾಡ್ಯೂಲ್ 0.8 ಆಗಿದ್ದು, ಪಿನಿಯನ್ನಿಗೆ 20, ಸ್ಪರಿಗೆ 80 ಹಲ್ಲುಗಳಿದ್ದರೆ ವ್ಯಾಸಗಳು 16 ಮತ್ತು 64 ಮಿಲಿಮೀಟರು. ಎರಡು ಕೇಂದ್ರಗಳ ನಡುವಣ ಅಂತರವು ಅವುಗಳ ಮೊತ್ತದ ಅರ್ಧ, ಅಂದರೆ 40 ಮಿಲಿಮೀಟರು. ವೇಗ ಹೆಚ್ಚಲೆಂದು 22 ಹಲ್ಲಿನ ಪಿನಿಯನ್ ಹಾಕಿದರೆ ಈ ಅಂತರವು 40.8 ಮಿಲಿಮೀಟರು ಆಗಬೇಕು. ಆದುದರಿಂದ ಚಕ್ರವನ್ನು ಬದಲಾಯಿಸಿದಾಗಲೆಲ್ಲ ಹೊಂದಾಣಿಕೆಯನ್ನು ಹೊಸದಾಗಿ ಮಾಡಬೇಕೆಂಬುದು ಗಣಿತದಿಂದಲೇ ಸಿದ್ಧವಾಗುತ್ತದೆ. ಎರಡು ಚಕ್ರಗಳ ಮಾಡ್ಯೂಲೇ ಬೇರೆಯಾಗಿದ್ದರಂತೂ ಯಾವ ಹೊಂದಾಣಿಕೆಯೂ ಅವನ್ನು ಉಳಿಸಲಾರದು.

ಹಿಂದೆ ಎತ್ತುಗಳು ತಿರುಗಿಸುತ್ತಿದ್ದ ಕಬ್ಬಿನ ಗಾಣದಲ್ಲಿಯೂ ಉರುಳೆಗಳ ಹಲ್ಲುಗಳು ಒಂದನ್ನೊಂದು ಹಿಡಿದೇ ತಿರುಗುತ್ತಿದ್ದವು. ಅಲ್ಲಿ ಚಲನೆ ನಿಧಾನ. ಅಲ್ಪಸ್ವಲ್ಪ ಓಲಾಟವನ್ನು ಗಾಣವು ಸಹಿಸಿಕೊಳ್ಳುತ್ತಿತ್ತು. ಇಲ್ಲಿ ಹಾಗಲ್ಲ. ಮೋಟರು ನಿಮಿಷಕ್ಕೆ 20,000 ಸುತ್ತು ತಿರುಗುತ್ತಿದ್ದರೆ ಮೇಲೆ ಹೇಳಿದ 80 ಹಲ್ಲಿನ ಚಕ್ರವು 5,000 ಸುತ್ತು ತಿರುಗುತ್ತದೆ. ಅದರಲ್ಲಿರುವ ಒಂದು ಉಬ್ಬು ಸೆಕೆಂಡಿಗೆ 83 ಬಾರಿ ಪಿನಿಯನ್ನನ್ನು ಅಪ್ಪಳಿಸುತ್ತದೆ. ಪ್ಲಾಸ್ಟಿಕ್ಕು ಎಷ್ಟು ಹೊತ್ತು ತಾಳೀತು?

ಓಲಾಟದ ಮೂಲವನ್ನು ಹುಡುಕುವುದು

ಓಲಾಟದಲ್ಲಿ ಎರಡು ಬಗೆ. ಚಕ್ರವು ಎಡಕ್ಕೂ ಬಲಕ್ಕೂ ವಾಲುವುದು ಒಂದು. ಕೇಂದ್ರ ತಪ್ಪಿ, ಅಂಚು ಒಮ್ಮೆ ಹತ್ತಿರಕ್ಕೂ ಒಮ್ಮೆ ದೂರಕ್ಕೂ ಸರಿಯುವುದು ಇನ್ನೊಂದು. ಎರಡನೆಯದೇ ಹೆಚ್ಚು ಹಾನಿಕರ. ಏಕೆಂದರೆ ಹಲ್ಲುಗಳು ಒಂದೆಡೆ ಬಿಗಿಯಾಗಿ, ಎದುರು ಬದಿಯಲ್ಲಿ ಸಡಿಲವಾಗಿ ಕೂಡುತ್ತವೆ. ಇಂತಹ ಚಕ್ರಕ್ಕೆ ಮಾಡಿದ ಹೊಂದಾಣಿಕೆಯು ಅರ್ಧಸುತ್ತಿನಲ್ಲಿಯೇ ಸುಳ್ಳಾಗುತ್ತದೆ. ಆದಕಾರಣ ಮೊದಲು ಓಲಾಟದ ಪರಿಹಾರ, ಅನಂತರ ಹೊಂದಾಣಿಕೆ. ಈ ಕ್ರಮವು ಹಿಂದುಮುಂದಾಗಬಾರದು.

ಬ್ಯಾಟರಿಯನ್ನು ಕಳಚಿಟ್ಟ ಬಳಿಕವೇ ಯಂತ್ರಕ್ಕೆ ಕೈಹಚ್ಚಬೇಕು. ಸೈಕಲ್ ಅಂಗಡಿಯವನು ರಿಮ್ಮಿನ ಬೆಂಡ್ ತೆಗೆಯುವಾಗ ಅಂಚಿನ ಬಳಿ ಸೀಮೆಸುಣ್ಣವನ್ನು ಅಲುಗದಂತೆ ಹಿಡಿದು ಚಕ್ರವನ್ನು ತಿರುಗಿಸುತ್ತಾನೆ; ಉಬ್ಬಿದ ಕಡೆ ಗೆರೆ ಬೀಳುತ್ತದೆ. ಅದೇ ರೀತಿ ಹಿರಿಚಕ್ರದ ಬಳಿ ಒಂದು ಕಡ್ಡಿಯನ್ನು ನಿಲ್ಲಿಸಿ, ಚಕ್ರವನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿ, ಉಬ್ಬಿದ ಸ್ಥಳಕ್ಕೆ ಮಸಿಯ ಗುರುತು ಹಾಕಬೇಕು. ಚಕ್ರವು ಕೂರುವ ಹಬ್ಬಿನ ಮೇಲೆಯೂ ಅದರ ನೇರಕ್ಕೆ ಒಂದು ಗುರುತಿರಲಿ. ಬಳಿಕ ಸ್ಕ್ರೂಗಳನ್ನು ಬಿಚ್ಚಿ, ಚಕ್ರವನ್ನು ಹಬ್ಬಿನ ಮೇಲೆ ಅರ್ಧಸುತ್ತು ತಿರುಗಿಸಿ ಮತ್ತೆ ಕೂರಿಸಿ ನೋಡಬೇಕು. ಉಬ್ಬು ಚಕ್ರದ ಗುರುತಿನೊಡನೆಯೇ ಸಾಗಿದರೆ ದೋಷವು ಚಕ್ರದ್ದು. ಹಬ್ಬಿನ ಗುರುತಿನ ಬಳಿಯಲ್ಲಿಯೇ ಉಳಿದರೆ ದೋಷವು ಹಬ್ಬಿನದು ಅಥವಾ ಶಾಫ್ಟಿನದು. ಉಬ್ಬು ಒಂದೆಡೆ ನಿಲ್ಲದೆ ಅಲೆದಾಡಿದರೆ ಬೇರಿಂಗ್ ಸವೆದಿರಬಹುದು. ಚಕ್ರವನ್ನು ಬೆರಳುಗಳಿಂದ ಹಿಡಿದು ಅಲುಗಿಸಿದಾಗ ಮೆಕ್ಯಾನಿಕರು ‘ಪ್ಲೇ’ ಎನ್ನುವ ಅಲುಗಾಟವು ಕೈಗೇ ತಿಳಿಯುತ್ತದೆ.

ಪರಿಹಾರವು ಕಾರಣವನ್ನು ಅನುಸರಿಸಿ ಬರುತ್ತದೆ. ಹಬ್ಬಿನ ಮೇಲೆ ಮಣ್ಣಿನ ಕಣ ಸಿಕ್ಕಿಕೊಂಡಿದ್ದರೆ ಒರೆಸಿದರೆ ಸಾಕು. ಒಂದು ಸ್ಕ್ರೂ ಅತಿ ಬಿಗಿ, ಇನ್ನೊಂದು ಸಡಿಲವಾಗಿದ್ದರೂ ಚಕ್ರವು ವಾಲುತ್ತದೆ. ಎಲ್ಲವನ್ನೂ ಸರದಿಯಂತೆ ಸ್ವಲ್ಪಸ್ವಲ್ಪವಾಗಿ ಬಿಗಿಯಬೇಕು. ಶಾಫ್ಟು ಬಾಗಿರುವ ಸಂಶಯವಿದ್ದರೆ ಅದನ್ನು ಗಾಜಿನ ಹಲಗೆಯ ಮೇಲೆ ಉರುಳಿಸಬೇಕು. ಬಾಗಿದ್ದರೆ ಅಡಿಯಲ್ಲಿ ಬೆಳಕಿನ ಗೆರೆಯು ಕಂಡು ಮರೆಯಾಗುತ್ತಿರುತ್ತದೆ. ಬಾಗಿದ ಶಾಫ್ಟನ್ನೂ ಸವೆದ ಬೇರಿಂಗನ್ನೂ ಬದಲಾಯಿಸುವುದೇ ಲೇಸು. ಸೈಕಲ್ಲಿನ ರಿಮ್ಮನ್ನು ಕಡ್ಡಿಗಳು ಎಳೆದು ಸರಿಪಡಿಸುತ್ತವೆ. ಅಚ್ಚಿನಲ್ಲಿ ಎರೆದ ಹಲ್ಲುಚಕ್ರಕ್ಕೆ ಅಂತಹ ಭಾಗ್ಯವಿಲ್ಲ. ಆದರೆ ಪ್ಲಾಸ್ಟಿಕ್ ಚಕ್ರದಲ್ಲಿ ತೀರ ಅಲ್ಪವಾದ ವಾಲಾಟವು ಸಹಜವೇ. ಹಲ್ಲುಗಳ ಅಗಲವೆಲ್ಲ ಪರಸ್ಪರ ತಾಗುತ್ತಿದ್ದರೆ ಅದಕ್ಕಾಗಿ ಚಿಂತಿಸಬೇಕಾಗಿಲ್ಲ.

ಪಿನಿಯನ್ನಿನ ಕಡೆಗೂ ದೃಷ್ಟಿ ಹರಿಯಬೇಕು. ಮೋಟರಿನ ಶಾಫ್ಟಿನ ಒಂದು ಬದಿ ಚಪ್ಪಟೆಯಾಗಿದ್ದರೆ ಪಿನಿಯನ್ನನ್ನು ಹಿಡಿದಿಡುವ ಕಿರುಸ್ಕ್ರೂ ಆ ಚಪ್ಪಟೆಯ ಮೇಲೆಯೇ ನಿಲ್ಲಬೇಕು. ಅದನ್ನು ಸರಿಯಾದ ಅಳತೆಯ ಅಲೆನ್ ಕೀಲಿಯಿಂದ ಬಿಗಿದು, ಸಡಿಲವಾಗದಂತೆ ಸ್ಕ್ರೂ ಅಂಟನ್ನು ಒಂದು ಹನಿ ಮಾತ್ರ ಹಚ್ಚಬೇಕು. ಈ ಅಂಟು ಲೋಹಕ್ಕೆ ಹಿತ. ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಬಿರಿಯಿಸುತ್ತದೆ.

ಕಾಗದವೇ ಅಳತೆಗೋಲು

ಇನ್ನು ಹೊಂದಾಣಿಕೆ. ಕೆಲವು ಮಾದರಿಗಳಲ್ಲಿ ಮೋಟರಿನ ತೂತುಗಳು ನಿಶ್ಚಿತವಾಗಿದ್ದು, ಇಂತಿಷ್ಟು ಹಲ್ಲಿಗೆ ಇಂತಹ ತೂತೆಂದು ನಿಯಮವಿರುತ್ತದೆ. ಉದ್ದನೆಯ ಸೀಳಿರುವ ಮಾದರಿಗಳಲ್ಲಿ ಮೋಟರನ್ನು ಸರಿಸಿ ಅಂತರವನ್ನು ಹೊಂದಿಸಬೇಕು. ಮೋಟರಿನ ಸ್ಕ್ರೂಗಳನ್ನು ಸಡಿಲಿಸಿ, ನೋಟ್‌ಬುಕ್ಕಿನ ಹಾಳೆಯಿಂದ ಕತ್ತರಿಸಿದ ಪಟ್ಟಿಯೊಂದನ್ನು ಎರಡು ಚಕ್ರಗಳ ನಡುವೆ ಉರುಳಿಸಿ, ಪಿನಿಯನ್ನನ್ನು ಹಿರಿಚಕ್ರಕ್ಕೆ ಒತ್ತಿ ಹಿಡಿದು, ಸ್ಕ್ರೂಗಳನ್ನು ಒಂದಾದ ಮೇಲೊಂದರಂತೆ ಬಿಗಿಯಬೇಕು. ಬಿಗಿಯುವಾಗ ಮೋಟರು ಜರುಗದಂತೆ ಎಚ್ಚರವಿರಲಿ. ಬಳಿಕ ಚಕ್ರವನ್ನು ತಿರುಗಿಸಿ ಪಟ್ಟಿಯನ್ನು ಹೊರತೆಗೆದರೆ ಅದು ಹಾವಿನ ನಡೆಯಂತೆ ಮಡಿಕೆ ಮಡಿಕೆಯಾಗಿ ಬರಬೇಕು; ಹರಿದಿರಬಾರದು. ಹರಿದರೆ ಬಿಗಿ ಹೆಚ್ಚು. ಮಡಿಕೆಯೇ ಮೂಡದಿದ್ದರೆ ಸಡಿಲು ಹೆಚ್ಚು.

ಒಂದೇ ಸ್ಥಳದಲ್ಲಿ ನೋಡಿ ತೃಪ್ತರಾಗಬಾರದು. ಚಕ್ರವನ್ನು ಸುತ್ತಲೂ ಪರೀಕ್ಷಿಸಿ, ಎಲ್ಲಿ ಅತ್ಯಂತ ಬಿಗಿಯಾಗಿದೆಯೋ ಅಲ್ಲಿಯೇ ಕಾಗದವಿಟ್ಟು ಹೊಂದಿಸಬೇಕು. ಪಿನಿಯನ್ನನ್ನು ಅಲುಗದಂತೆ ಹಿಡಿದು ಹಿರಿಚಕ್ರವನ್ನು ಆಡಿಸಿದರೆ ಕೂದಲೆಳೆಯಷ್ಟು ಬಿಡುವು ಕೈಗೆ ತಿಳಿಯಬೇಕು.

ಇಷ್ಟು ಬಿಡುವಿದ್ದರೂ ಚಲನೆ ಏಕೆ ಕೆಡುವುದಿಲ್ಲ? ಹದಿನೆಂಟನೆಯ ಶತಮಾನದ ಗಣಿತಜ್ಞ ಆಯ್ಲರನು ಹಲ್ಲುಗಳಿಗೆ ವಿಶೇಷವಾದ ಒಂದು ವಕ್ರರೇಖೆಯನ್ನು ಸೂಚಿಸಿದನು. ಉರುಳೆಗೆ ಸುತ್ತಿದ ದಾರವನ್ನು ಬಿಗಿಯಾಗಿ ಬಿಚ್ಚುತ್ತಾ ಹೋದಾಗ ಅದರ ತುದಿಯು ಬರೆಯುವ ರೇಖೆಯದು. ಆ ಆಕಾರದ ಹಲ್ಲುಗಳ ಕೇಂದ್ರಾಂತರವು ಕಿಂಚಿತ್ ಬದಲಾದರೂ ವೇಗಗಳ ಪ್ರಮಾಣವು ಬದಲಾಗದು. ನೋಟ್‌ಬುಕ್ಕಿನ ಹಾಳೆಯು ಅಳತೆಗೋಲಾಗಬಲ್ಲುದಕ್ಕೆ ಈ ರೇಖೆಯೇ ಆಧಾರ.

ಬಡಗಿಯ ಬಾಚಿಯನ್ನೇ ಹೆಸರಿನಲ್ಲಿ ಧರಿಸಿದ ಬಾಚಿಕಾಯಕದ ಬಸವಣ್ಣನಿಗೆ ಶರಣರ ಸಾಲಿನಲ್ಲಿ ಸ್ಥಾನವುಂಟು. ಕೈಯ ಕೆಲಸವನ್ನು ಹೀಗೆ ಗೌರವಿಸಿದ ಪರಂಪರೆಯ ವಿದ್ಯಾಲಯದಲ್ಲಿ ಕೆಟ್ಟ ವಸ್ತುವನ್ನು ಎಸೆಯುವ ಮುನ್ನ ಕೆಟ್ಟದ್ದೇಕೆಂದು ಕೇಳುವ ಬುದ್ಧಿಯನ್ನು ಮಕ್ಕಳಲ್ಲಿ ಬೆಳೆಸುವುದು ಸಣ್ಣ ಪಾಠವಲ್ಲ. ಗುರುತು ಹಾಕಿ, ಅರ್ಧಸುತ್ತು ತಿರುಗಿಸಿ, ದೋಷವು ಯಾರದೆಂದು ನಿರ್ಣಯಿಸಲು ಕಲಿತ ವಿದ್ಯಾರ್ಥಿಯು ಮುಂದೆ ಪಂಪುಸೆಟ್ಟಿನ ಮುಂದೆ ನಿಂತಾಗಲೂ, ಕಾರ್ಖಾನೆಯ ಯಂತ್ರದ ಮುಂದೆ ನಿಂತಾಗಲೂ ಅವಸರದಿಂದ ತೀರ್ಪು ಕೊಡಲಾರನು.