ಸ್ಕ್ಯಾನರ್ ತೆಗಿಬ್ಯಾಡ್ರಿ ಅಕ್ಕಾ: ಮನೆಯಲ್ಲೇ ಮಕ್ಕಳನ್ನ ನೋಡಿಕೊಳ್ಳೋರಿಗೆ ಅಡ್ವಾನ್ಸ್ ಟ್ಯಾಕ್ಸ್ ಲೆಕ್ಕ

ಕಳೆದ ವಾರ ವಾಡಿಯಿಂದ ಒಬ್ಬ ಅಕ್ಕ ವಾಯ್ಸ್ ಮೆಸೇಜ್ ಕಳಿಸಿದ್ದರು. ಮನೆಯ ಹಾಲ್‌ನಲ್ಲೇ ಹನ್ನೆರಡು ಮಕ್ಕಳನ್ನ ನೋಡಿಕೊಳ್ತಾರೆ. ಅಪ್ಪ ಸಿಮೆಂಟ್ ಫ್ಯಾಕ್ಟರಿ ಶಿಫ್ಟ್‌ಗೆ, ಅಮ್ಮ ಶಾಲೆಗೋ ಆಸ್ಪತ್ರೆಗೋ ಡ್ಯೂಟಿಗೆ ಹೋದರೆ ಸಂಜೆ ತನಕ ಕೂಸು ಇವರ ಹತ್ರ. ಒಂದು ಮಗುವಿಗೆ ತಿಂಗಳಿಗೆ 3,000 ರೂಪಾಯಿ. "ತಮ್ಮಾ, ಫೋನ್‌ಪೇ ಸ್ಕ್ಯಾನರ್ ತೆಗದ್ಬಿಟ್ಟೀನಿ. ಅಡ್ವಾನ್ಸ್ ಟ್ಯಾಕ್ಸ್ ಅಂತ ನೋಟಿಸ್ ಬರ್ತದಂತ. ಇನ್ಮ್ಯಾಲೆ ಬರೇ ಕೈಯಾಗ ರೊಕ್ಕ ತಗೋತೀನಿ" ಅಂದ್ರು.

ಸ್ಕ್ಯಾನರ್ ವಾಪಸ್ ಹಚ್ರಿ ಅಕ್ಕಾ. ಯಾಕಂತ ಹೇಳ್ತೀನಿ.

ಈ ಹೆದರಿಕೆ ಎಲ್ಲಿಂದ ಬಂತು ಅಂತ ಗೊತ್ತು. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತ್ತು. ಬೆಂಗಳೂರಿನ ಅಂಗಡಿಗಳಲ್ಲಿ 'ಕ್ಯಾಶ್ ಮಾತ್ರ' ಬೋರ್ಡ್ ಬಿದ್ದವು. ಆದರೆ ಅದು ಜಿಎಸ್‌ಟಿ ವಿಷಯ. ಸೇವೆ ಕೊಡೋರಿಗೆ ಅದರ ಮಿತಿ ವರ್ಷಕ್ಕೆ 20 ಲಕ್ಷ. ಅಕ್ಕನಿಗೆ ಬರೋದು ವರ್ಷಕ್ಕೆ 4,32,000. ಅಡ್ವಾನ್ಸ್ ಟ್ಯಾಕ್ಸ್ ಇರೋದು ಆದಾಯ ತೆರಿಗೆಯಲ್ಲಿ. ಆ ಇಲಾಖೆ ಬೇರೆ, ಕಾಯ್ದೆಯೂ ಬೇರೆ.

ಸಂಬಳದವರಿಗೆ ಕಂಪನಿಯೇ ತಿಂಗಳು ತಿಂಗಳು ಟಿಡಿಎಸ್ ಹಿಡೀತದೆ. ಸ್ವಂತ ಕೆಲಸದವರಿಗೆ ಹಿಡಿಯೋರು ಯಾರೂ ಇಲ್ಲ. ಹಾಗಾಗಿ ಈ ವರ್ಷ ಎಷ್ಟು ತೆರಿಗೆ ಬರಬಹುದು ಅಂತ ತಾವೇ ಅಂದಾಜು ಮಾಡಿ, ವರ್ಷ ಮುಗಿಯೋ ಮೊದಲೇ ಕಟ್ಟಬೇಕು. ಅದೂ ಟಿಡಿಎಸ್ ಕಳೆದ ಮೇಲೆ 10,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ತೆರಿಗೆ ಬರೋದಾದರೆ ಮಾತ್ರ.

ಈಗ ಅಕ್ಕನ ಲೆಕ್ಕ. ಸಣ್ಣ ವ್ಯವಹಾರಕ್ಕೆ ಅಂದಾಜು ಲಾಭ ತೋರಿಸೋ ಸೌಲಭ್ಯ ಇದೆ. ಪ್ರತಿ ಹಾಲಿನ ಪಾಕೀಟಿನ ಬಿಲ್ಲು ಇಡೋ ಗೋಜಿಲ್ಲ. ಬಂದ ಹಣದ ಒಂದು ಭಾಗವನ್ನೇ ಲಾಭ ಅಂತ ತೋರಿಸಬಹುದು. ಕ್ಯಾಶ್ ಆಗಿ ಬಂದದ್ದಕ್ಕೆ ಕನಿಷ್ಠ ಶೇ 8, ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದದ್ದಕ್ಕೆ ಶೇ 6. ಪೂರಾ ಕ್ಯಾಶ್ ಆದರೆ 34,560, ಪೂರಾ ಯುಪಿಐ ಆದರೆ 25,920. ಅಂದರೆ ಸ್ಕ್ಯಾನರ್ ತೆಗೆದರೆ ಲೆಕ್ಕದಲ್ಲಿ ಲಾಭ ಹೆಚ್ಚೇ ಕಾಣ್ತದೆ! ಇದು ಕನಿಷ್ಠ ಅಷ್ಟೇ ಮತ್ತೆ. ನಿಜಕ್ಕೂ ಹೆಚ್ಚು ಉಳಿದಿದ್ದರೆ ಅಷ್ಟನ್ನೇ ತೋರಿಸೋದು ಸರಿ. ಆಯಾ ಪಗಾರ, ಹಾಲು, ತಿಂಡಿ ಕಳೆದು ಅಕ್ಕನಿಗೆ ಉಳಿಯೋದು ಸುಮಾರು ಮೂರು ಲಕ್ಷ. ಹೊಸ ಪದ್ಧತಿಯಲ್ಲಿ 4 ಲಕ್ಷದ ತನಕ ತೆರಿಗೆಯೇ ಇಲ್ಲ. ಅಡ್ವಾನ್ಸ್ ಟ್ಯಾಕ್ಸ್ ಸೊನ್ನೆ.

"12 ಲಕ್ಷದ ತನಕ ಫ್ರೀ ಅಲ್ವಾ?" ಅಂತ ಸೇಡಂನ ಗೆಳೆಯ ಕೇಳಿದ. ತೆರಿಗೆ ಸೊನ್ನೆ, ಹೌದು, ಆದರೆ ಅದು ರಿಬೇಟ್‌ನಿಂದ. ಆದಾಯ 4 ಲಕ್ಷ ದಾಟಿದರೆ ರಿಟರ್ನ್ ಹಾಕಲೇಬೇಕು. ಇನ್ನೊಂದು, ಪ್ಲಾಟ್ ಮಾರಿ ಬಂದ ದೀರ್ಘಾವಧಿ ಲಾಭದ ಮೇಲಿನ ತೆರಿಗೆಗೆ ಆ ರಿಬೇಟ್ ಸಿಗಲ್ಲ. ಈ ವರ್ಷ ಪ್ಲಾಟ್ ಮಾರಿದವರು ಆ ಲೆಕ್ಕ ಬೇರೆಯಾಗಿಯೇ ಮಾಡಿಸಿ.

ದೊಡ್ಡದಾಗಿ ನಡೆಸೋರೂ ಇದ್ದಾರಲ್ಲ, ಅವರಿಗೆ. ನಿವ್ವಳ ಆದಾಯ 13 ಲಕ್ಷ ಅಂದ್ಕೊಳ್ಳಿ. ತೆರಿಗೆ 75,000, ಶೇ 4 ಸೆಸ್ ಸೇರಿ 78,000. ಆ ಅಂದಾಜು ಲಾಭದ ಸೌಲಭ್ಯದಲ್ಲಿ ಇದ್ದರೆ ಮಾರ್ಚ್ 15ರೊಳಗೆ ಒಂದೇ ಸಲ ಕಟ್ಟಿದರೆ ಸಾಕು. ಇಲ್ಲದಿದ್ದರೆ ನಾಲ್ಕು ಕಂತು: ಜೂನ್ 15ಕ್ಕೆ ಶೇ 15, ಸೆಪ್ಟೆಂಬರ್ 15ಕ್ಕೆ ಒಟ್ಟು ಶೇ 45, ಡಿಸೆಂಬರ್ 15ಕ್ಕೆ 75, ಮಾರ್ಚ್ 15ಕ್ಕೆ ಪೂರ್ತಿ. ತಪ್ಪಿದರೆ ತಿಂಗಳಿಗೆ ಶೇ 1 ಬಡ್ಡಿ. ನಿವೃತ್ತ ಟೀಚರ್‌ಗಳು ಗಮನಿಸಿ, 60 ದಾಟಿದವರಿಗೆ ಅಡ್ವಾನ್ಸ್ ಟ್ಯಾಕ್ಸ್ ಇಲ್ಲ ಅನ್ನೋ ವಿನಾಯಿತಿ ಸ್ವಂತ ವ್ಯವಹಾರದ ಆದಾಯ ಇದ್ದವರಿಗೆ ಅನ್ವಯಿಸಲ್ಲ. ಪೆನ್ಷನ್ ಜೊತೆ ಮಕ್ಕಳನ್ನೂ ನೋಡಿಕೊಳ್ತಿದ್ದರೆ ಎರಡೂ ಸೇರಿಸಿ ಲೆಕ್ಕ ಹಾಕಿ.

ಕಟ್ಟೋದು ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ನ ಇ-ಪೇ ಟ್ಯಾಕ್ಸ್‌ನಲ್ಲಿ. ಕೊನೇ ದಿನದ ತನಕ ಕಾಯಬೇಡಿ. ವರ್ಷ ಸರಿಯಾಗಿ ನೋಡಿ ಆರಿಸಿ. ಇಲ್ಲಿ ತಪ್ಪಿದವರು ಬಹಳ ಜನ, ಬೇರೆ ವರ್ಷಕ್ಕೆ ಹೋದ ದುಡ್ಡನ್ನ ಸರಿಪಡಿಸೋದು ತಲೆನೋವು. ಚಲನ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಇಷ್ಟೆಲ್ಲ ಹೇಳಿದ ಮೇಲೆ ಅಕ್ಕ ಇನ್ನೊಂದು ಕೇಳಿದ್ರು. "ಮ್ಯಾಲೆ ಒಂದು ಕೋಣಿ ಕಟ್ಟಿಸ್ಬೇಕು, ಬ್ಯಾಂಕಿನವರು ರಿಟರ್ನ್ ಕೇಳ್ತಾರ. ಟ್ಯಾಕ್ಸೇ ಇಲ್ಲಂದ್ರ ಏನ್ ಹಾಕ್ಲಿ?" ತೆರಿಗೆ ಇಲ್ಲದಿದ್ದರೂ ರಿಟರ್ನ್ ಹಾಕಬಹುದು. ಐಟಿಆರ್-4, ಹೆಸರು ಸುಗಮ್. ಯುಪಿಐನಲ್ಲಿ ಬಂದ ಫೀ ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ತಿಂಗಳು ತಿಂಗಳು ಕಾಣ್ತದೆ, ಡಬ್ಬಿಯೊಳಗಿನ ನೋಟು ಕಾಣಲ್ಲ. ನಿನ್ನೆ ಫೋಟೋ ಕಳಿಸಿದ್ದಾರೆ, ಸ್ಕ್ಯಾನರ್ ಮತ್ತೆ ಬಾಗಿಲ ಪಕ್ಕ ಅಂಟಿಸಿದ್ದಾರೆ, ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿ.